ಗರುಡನ ಹೆಸರಲ್ಲಿ ಬಂದ ಅಪ್ಪಣೆ

ಪಾಂಡವಪುರದ ನಾಲೆಯ ಮೇಲೆ ಇಪ್ಪತ್ತೆರಡು ವರ್ಷ ತೂಬು ಕಾಯುವ ನೀರುಗಂಟಿಯಾಗಿದ್ದ ಮಂಚಯ್ಯನನ್ನು ಇಂಜಿನಿಯರ್ ರಂಗಸ್ವಾಮಿ ಒಂದೇ ಮಾತಿನಲ್ಲಿ ಕಳ್ಳನನ್ನಾಗಿ ಮಾಡಿಬಿಟ್ಟರು. ಮಂಚಯ್ಯನ ಮೈಯೆಲ್ಲ ಉರಿದುಹೋಯಿತು.

ಆಗಿದ್ದಿಷ್ಟೆ. ತೊಂಬತ್ತೈದರಲ್ಲಿ ತೂಬು ತೂಬಿಗೂ ವೈರ್‌ಲೆಸ್ ಸೆಟ್ಟು ಕೊಟ್ಟಿದ್ದರು. ಯಾರೋ ಪುಣ್ಯಾತ್ಮ ಒಂದೊಂದಕ್ಕೂ ಹಕ್ಕಿಯ ಹೆಸರಿಟ್ಟಿದ್ದ. ಕಚೇರಿ ಗರುಡ, ಮಂಚಯ್ಯನ ತೂಬು ಕೊಕ್ಕರೆ, ಅದರ ಮೇಲಿನದು ಗಿಳಿ. ಒಬ್ಬ ಮಾತಾಡಿದರೆ ಹನ್ನೆರಡು ಸೆಟ್ಟಿಗೂ ಕೇಳುತ್ತದೆ. ಯಾರ ಹೆಸರು ಕೂಗಿದರೋ ಅವನು ಓಗೊಡಬೇಕು. ಗರುಡ ಅಂದರೆ ಮುಗಿಯಿತು, ಎದುರಾಡುವಂತಿಲ್ಲ. ಮೊನ್ನೆ ಸೆಟ್ಟು "ಕೊಕ್ಕರೆ, ಗರುಡ ಮಾತಾಡೋದು, ತೂಬು ಇಳಿಸು" ಎಂದಿತು. ಇಳಿಸಿದ. ತೂಬಿನ ಬಾಗಿಲು ಮುಚ್ಚಿ ನೀರು ನಿಂತಿತು, ಸರದಿ ತಪ್ಪಿ ಕೆಳಗಿನ ಬಯಲಿನ ಪೈರು ಬಾಡಿತು. ಆ ಬಯಲಲ್ಲಿ ಗದ್ದೆಯಿದ್ದ ಮುತ್ತಮ್ಮ ಬಂದು ಹಿಡಿ ಮಣ್ಣು ತೂರಿ ಶಾಪ ಹಾಕಿಹೋದಳು. ಕಚೇರಿಯ ಸೆಟ್ಟಿನ ಮುಂದೆ ಎಷ್ಟೋ ಹೊತ್ತು ಆಳೇ ಇರುವುದಿಲ್ಲ, ಅಲ್ಲಿಯ ಪುಸ್ತಕದಲ್ಲಿ ನೋಡಿದರೆ ಅಂಥ ಅಪ್ಪಣೆಯೇ ಇಲ್ಲ!

"ಯಾವನು ನಿನ್ನ ಕೈ ಬೆಚ್ಚಗೆ ಮಾಡಿದ್ದು?" ರಂಗಸ್ವಾಮಿ ತೂಬಿನ ಮನೆಯಲ್ಲೇ ಕೂತು ಸಸ್ಪೆಂಡ್ ಕಾಗದಕ್ಕೆ ಪೆನ್ನು ಹಚ್ಚಿದರು.

"ಗರುಡ ಅಂದ್ರು, ಇಳಿಸ್ದೆ ಸಾ."

"ಬರೀ ಹೆಸರು ಹೇಳಿದ್ರೆ ನಂಬೋದೇನಯ್ಯಾ? ಬುದ್ಧಿ ಇರೋನು ನಂಬ್ತಾನಾ?"

ಬುದ್ಧಿಯ ಮಾತು ಬಂತಲ್ಲ, ಮಂಚಯ್ಯನಿಗೆ ಇನ್ನು ತಡೆಯಲಾಗಲಿಲ್ಲ. ಸೆಟ್ಟು ಕೈಗೆತ್ತಿಕೊಂಡು ಗುಂಡಿ ಒತ್ತಿದ. "ಗಿಳಿ, ಗಿಳಿ, ಗರುಡ ಮಾತಾಡೋದು. ಈಗ್ಲೇ ತೂಬು ಇಳಿಸು."

ಗಿಳಿಯಲ್ಲಿದ್ದವನು ದೇವರಾಜು. ಸಾಹೇಬರ ಸ್ವಂತ ಬಾಮೈದ, ಅವರೇ ಕೆಲಸಕ್ಕೆ ಹಾಕಿಸಿದವನು.

ಗೊರಗೊರ ಸದ್ದಿನ ನಡುವೆ ಉತ್ತರ ಬಂತು. "ಆಯ್ತು ಸಾ, ಇಳಿಸ್ತಾ ಇವ್ನಿ."

"ಕಚೇರಿ ಹೆಸರಲ್ಲಿ ಮಾತಾಡ್ತೀಯಾ? ಇದಕ್ಕೂ ಬರೀತೀನಿ!" ರಂಗಸ್ವಾಮಿ ಅರಚಿದರು.

"ಬರೀರಿ! ಗರುಡ ಅಂದಿದ್ದು ನಾನೇಯ, ತಪ್ಪು ನಂದೇಯ. ಆದ್ರೆ ಹೆಸ್ರು ನಂಬಿ ತೂಬು ಇಳಿಸ್ದೋನು ಕಳ್ಳ ಆದ್ರೆ, ಮೊದ್ಲು ನಿಮ್ ಬಾಮೈದನ್ನ ಬರೀರಿ. ಅವ್ನ ಕೈ ಯಾವನು ಬೆಚ್ಚಗೆ ಮಾಡ್ದ ಅಂತ್ಲೂ ಕೇಳಿ!"

ಪೆನ್ನು ನಿಂತಿತು. ರಂಗಸ್ವಾಮಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು. ಅಷ್ಟರಲ್ಲಿ ಸೆಟ್ಟು ಮತ್ತೆ ಗೊರಗುಟ್ಟಿತು. "ಗರುಡ, ಗಿಳಿ ಮಾತಾಡೋದು. ಇಳಿಸ್ಬುಟ್ಟೆ ಸಾ. ಮುಂದೇನು ಮಾಡ್ಲಿ?"

ಮಂಚಯ್ಯ ಸೆಟ್ಟನ್ನು ಅವರ ಮೂಗಿನ ಹತ್ತಿರಕ್ಕೇ ಹಿಡಿದ.

"ತಗಳಿ ಸಾ, ತೂಬು ಎತ್ತು ಅನ್ನಿ. ಮಾತಾಡ್ತಿರೋದು ನೀವೇಯ ಅಂತ ಅವ್ನಿಗೆ ಎಂಗೆ ಗೊತ್ತಾದಾತು?"