ತಪ್ಪು ಮೇಷ್ಟ್ರ ತರಗತಿ

ಆ ತಾಂತ್ರಿಕ ಶಾಲೆಯಲ್ಲಿ ವಿದ್ಯುತ್ ಪಾಠ ಹೇಳುತ್ತಿದ್ದವರನ್ನು ಮಕ್ಕಳು ಎದುರಿಗೆ ‘ಸರ್’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಪ್ಪು ಮೇಷ್ಟ್ರು’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಬೇಸರಪಟ್ಟುಕೊಂಡಂತೆ ಕಾಣಲಿಲ್ಲ.

ಸಂಶೋಧಕಿ ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಮೊದಲ ಸಲ ಕೂತಾಗ ಅವಳ ತೊಡೆಯ ಮೇಲೆ ಒಂದು ರಟ್ಟು, ರಟ್ಟಿನ ಮೇಲೆ ಒಂದು ಫಾರಂ, ಕೈಯಲ್ಲೊಂದು ಸ್ಟಾಪ್‌ವಾಚ್ ಇದ್ದವು. ಹನ್ನೊಂದು ವರ್ಷ ಶಾಲೆಯಲ್ಲಿ ತಾನೇ ಪಾಠ ಮಾಡಿ, ತನ್ನ ಕಣ್ಣೆದುರೇ ಮಕ್ಕಳು ತೂಕಡಿಸುವುದನ್ನು ನೋಡಿ ನೋಡಿ ಸಾಕಾಗಿ, ‘ಮಕ್ಕಳಿಗೆ ಕಲಿಯಬೇಕು ಅನ್ನಿಸುವುದು ಯಾವಾಗ?’ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಸಂಶೋಧನೆಗೆ ಬಂದವಳು. ಎರಡು ವರ್ಷದಿಂದ ಆರು ಶಾಲೆಗಳಿಗೆ ಎಡತಾಕುತ್ತಿದ್ದಳು. ಫಾರಂ ಸಿದ್ಧಮಾಡಿದ್ದು ಅವಳ ಮಾರ್ಗದರ್ಶಕರು. ಎರಡು ನಿಮಿಷಕ್ಕೊಮ್ಮೆ ಎಂಟು ಮಕ್ಕಳತ್ತ ಕಣ್ಣು ಹಾಯಿಸಬೇಕು. ಪಾಠ ಹೇಳುವವರನ್ನು ನೋಡುತ್ತಿದ್ದರೆ, ಬರೆಯುತ್ತಿದ್ದರೆ, ಕೈ ಎತ್ತಿದರೆ ‘ತೊಡಗಿದ್ದಾರೆ’. ಕಿಟಕಿಯಾಚೆ ನೋಡಿದರೆ, ತಲೆ ತಗ್ಗಿಸಿ ಸುಮ್ಮನೆ ಕೂತರೆ, ಪಕ್ಕದವರ ಜೊತೆ ಪಿಸುಗುಟ್ಟಿದರೆ ‘ತೊಡಗಿಲ್ಲ’.

ಆವತ್ತು ಮೇಷ್ಟ್ರು ಬೋರ್ಡಿನ ಮೇಲೆ ಮೆಟ್ಟಿಲ ದೀಪದ ನಕ್ಷೆ ಬರೆದರು. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು, ನಡುವೆ ಬಲ್ಬು. ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು, “ಇದರಲ್ಲಿ ಒಂದು ತಪ್ಪಿದೆ. ಹುಡುಕಿ. ನಾನಿಲ್ಲೇ ಕೂತಿರ್ತೀನಿ” ಎಂದು ಹೇಳಿ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಮೂವತ್ತೊಂದು ಮಕ್ಕಳು, ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಎರಡು ನಿಮಿಷ, ನಾಲ್ಕು ನಿಮಿಷ, ಆರು ನಿಮಿಷ. ಫ್ಯಾನಿನ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲ. ಸಂಶೋಧಕಿಗೇ ಮುಜುಗರವಾಗತೊಡಗಿತು. ಅವಳು ಪಾಠ ಮಾಡುತ್ತಿದ್ದ ಕಾಲದಲ್ಲಿ ಇಷ್ಟು ಹೊತ್ತು ಮೌನ ಬಿದ್ದಿದ್ದರೆ ಬಾಯಿಗೆ ಬಂದದ್ದು ಹೇಳಿಯಾದರೂ ತುಂಬಿಸಿಬಿಡುತ್ತಿದ್ದಳು. ಎಂಟರಲ್ಲಿ ಐದು ಮಕ್ಕಳು ತಲೆ ತಗ್ಗಿಸಿದ್ದರು. ಎರಡನೇ ಸಾಲಿನ ಎರಡು ಜಡೆಯ ಹುಡುಗಿಯಂತೂ ಪೂರ್ತಿ ಕಿಟಕಿಯಾಚೆಗೇ ತಿರುಗಿ ಕೂತಿದ್ದಳು. ತೊಡಗಿಲ್ಲ, ತೊಡಗಿಲ್ಲ, ತೊಡಗಿಲ್ಲ ಎಂದು ಸಂಶೋಧಕಿ ಗೀಟು ಹಾಕುತ್ತಾ ಹೋದಳು.

ಹನ್ನೊಂದನೇ ನಿಮಿಷಕ್ಕೆ ಅದೇ ಹುಡುಗಿ ತಟ್ಟನೆ ತಿರುಗಿದಳು. “ಸರ್, ಇದರಲ್ಲಿ ಎರಡೂ ಸ್ವಿಚ್ಚು ಹಾಕಿದ್ರೆ ಮಾತ್ರ ದೀಪ ಹತ್ತುತ್ತೆ. ಕೆಳಗಿರೋನು ಮೇಲಿರೋನನ್ನ ಕೂಗಿ ಕರೀಬೇಕಾಗುತ್ತೆ!”

ತರಗತಿ ಒಮ್ಮೆಲೇ ಗೊಳ್ಳೆಂದಿತು. ಇನ್ನೊಬ್ಬ ಎದ್ದು ನಿಂತು, ಹಾಗಾದರೆ ಸ್ವಿಚ್ಚಿಗೆ ಎರಡು ದಾರಿ ಬೇಕು ಎಂದ. ಮತ್ತೊಬ್ಬಳು ಬೋರ್ಡಿಗೇ ಓಡಿದಳು. ಬೆಲ್ಲು ಹೊಡೆಯಿತು. ಮೇಷ್ಟ್ರು ಡಸ್ಟರ್ ತೆಗೆದುಕೊಂಡು ತಪ್ಪು ನಕ್ಷೆಯನ್ನು ತಾವೇ ಒರೆಸಿ ಹೊರಟರೂ ಮಕ್ಕಳು ಮಾತ್ರ ಅಲ್ಲೇ ನಿಂತು ಗಾಳಿಯಲ್ಲಿ ಬೆರಳಾಡಿಸುತ್ತಾ ವಾದ ಮಾಡುತ್ತಿದ್ದರು.

ಸಂಶೋಧಕಿ ಹುಡುಗಿಯನ್ನು ಹೊರಗೆ ಹಿಡಿದು ನಿಲ್ಲಿಸಿದಳು. “ಅಷ್ಟು ಹೊತ್ತು ಕಿಟಕಿಯಲ್ಲಿ ಏನಮ್ಮಾ ನೋಡ್ತಿದ್ದೆ?”

“ಎದುರು ಕಟ್ಟಡದ ಮೆಟ್ಟಿಲು ಮೇಡಂ. ಮನಸ್ಸಲ್ಲೇ ಹತ್ತಿ ಇಳೀತಿದ್ದೆ. ಒಂದೊಂದು ಸಲಾನೂ ಒಂದೊಂದು ಸ್ವಿಚ್ಚು ಒತ್ಕೊಂಡು.”

ಹುಡುಗಿ ಓಡಿಹೋದಳು. ಸಂಶೋಧಕಿ ತನ್ನ ಫಾರಂ ನೋಡಿಕೊಂಡಳು. ಶೇಕಡಾ ಮೂವತ್ನಾಲ್ಕು. ಎರಡು ವರ್ಷದಲ್ಲಿ ಅವಳು ಬರೆದ ಅತಿ ಕಡಿಮೆ ಅಂಕ. ಪಕ್ಕದ ವಿಭಾಗದಲ್ಲಿ ಅದೇ ಪಾಠವನ್ನು ಮಾಡುವ ಹೊಸ ಉಪಾಧ್ಯಾಯನಿಗೆ ತೊಂಬತ್ತೊಂದು ಬಂದಿತ್ತು. ಅವನು ಉತ್ತರ ಒತ್ತಲು ಒಬ್ಬೊಬ್ಬರಿಗೂ ಒಂದೊಂದು ಗುಂಡಿಯ ಯಂತ್ರ ಕೊಟ್ಟು ರಸಪ್ರಶ್ನೆ ನಡೆಸುತ್ತಿದ್ದ. ಮಕ್ಕಳು ಕೂಗಾಡಿ ಕುಣಿದಾಡುತ್ತಿದ್ದರು. ಅವನೂ ಮೈಗಳ್ಳನಲ್ಲ, ಒಂದೊಂದು ರಸಪ್ರಶ್ನೆಗೂ ಹಿಂದಿನ ದಿನವೆಲ್ಲ ಕೂತು ಸಿದ್ಧತೆ ಮಾಡುತ್ತಿದ್ದ.

ಮರುದಿನ ಬೆಳಗ್ಗೆ ತಿಂಡಿ ತಿನ್ನುವಾಗ ಅವಳ ಅತ್ತೆ ಅದೇನೋ ಹೇಳುತ್ತಿದ್ದರು. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದ ಆಕೆಗೆ ಎದುರಿಗಿದ್ದವರು ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಎಂಬುದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

“ಈಗ ನಾನೇನಂದೆ ಹೇಳು?”

ಸಂಶೋಧಕಿ ಪಿಳಿಪಿಳಿ ಕಣ್ಣು ಬಿಟ್ಟಳು.

“ನನ್ನನ್ನೇ ನೋಡ್ತಿದ್ದೀಯ, ತಲೆ ಆಡಿಸ್ತಿದ್ದೀಯ, ಹೂಂಗುಟ್ತಿದ್ದೀಯ. ಒಂದಕ್ಷರಾನೂ ತಲೆಗೆ ಹೋಗಿಲ್ಲ. ನಿನ್ನ ಗಂಡನೂ ಹೀಗೇ. ಅವನಿಗಾದ್ರೂ ನಟನೆ ಬರಲ್ಲ.”

ಗಂಡ ಪತ್ರಿಕೆಯ ಹಿಂದೆಯೇ ನಕ್ಕ. ಸಂಶೋಧಕಿಗೆ ನಗು ಬರಲಿಲ್ಲ. ತನ್ನ ಫಾರಮ್ಮಿನ ಪ್ರಕಾರ ಈಗ ತನಗೆ ನೂರಕ್ಕೆ ನೂರು ಎಂದು ಹೊಳೆದು ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು.

ಅವಳು ನೇರ ಮೇಷ್ಟ್ರ ಹತ್ತಿರ ಹೋದಳು. ಅವರು ಪ್ರಯೋಗಶಾಲೆಯಲ್ಲಿ ಸುಟ್ಟ ತಂತಿಗಳನ್ನು ಬಿಡಿಸುತ್ತಾ ಕೂತಿದ್ದರು. ಈ ಪದ್ಧತಿ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಅವರು ಸಂಕೋಚದಿಂದ ಕತ್ತಿನ ಹಿಂದೆ ಕೆರೆದುಕೊಂಡರು.

“ಕಲಿತದ್ದಲ್ಲ, ಆದದ್ದು. ಹದಿನಾಲ್ಕು ವರ್ಷದ ಹಿಂದೆ ನಿಜವಾಗ್ಲೂ ತಪ್ಪು ಬರೆದುಬಿಟ್ಟೆ. ವರ್ಷವೆಲ್ಲಾ ಬಾಯೇ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಅದು ಸರಿಯಿಲ್ಲ’ ಅಂದ್ಲು. ನನ್ನ ಕಿವಿ ಬಿಸಿಯಾಯ್ತು. ಗದರಿಸೋಣ ಅಂತ ಬಾಯಿ ತೆಗೆದೆ. ಅವಳ ಮುಖ ನೋಡಿದೆ ನೋಡಿ... ಅಂಥ ಮುಖ ನಾನು ಸರಿಯಾಗಿ ಬರೆದಾಗ ಯಾವತ್ತೂ ಕಂಡಿರಲಿಲ್ಲ.”

“ಆಮೇಲೆ ಬೇಕಂತಲೇ ತಪ್ಪು ಬರೆಯೋಕೆ ಶುರು ಮಾಡಿದ್ರಾ?”

“ಅಷ್ಟು ಸುಲಭ ಅಲ್ಲಮ್ಮ. ಪೆದ್ದು ತಪ್ಪಾದ್ರೆ ಅರ್ಧ ನಿಮಿಷಕ್ಕೆ ಹಿಡಿದುಬಿಡ್ತಾರೆ. ತೀರಾ ಕಷ್ಟದ್ದಾದ್ರೆ ಕೈ ಚೆಲ್ತಾರೆ. ಸರಿಯಾದ ತಪ್ಪು ಹುಡುಕೋಕೆ ನನಗೆ ಎರಡೆರಡು ದಿನ ಬೇಕಾಗುತ್ತೆ. ಇನ್ನೊಂದು ವಿಷಯ. ಇದು ಎಲ್ಲರಿಗೂ ಒಗ್ಗಲ್ಲ. ಪ್ರತಿ ವರ್ಷ ಮೂರ್ನಾಲ್ಕು ಮಕ್ಕಳು ಹೆದರಿಬಿಡ್ತಾರೆ. ಒಬ್ಬ ಅತ್ತೇಬಿಟ್ಟಿದ್ದ. ಅಂಥವರನ್ನ ಶನಿವಾರ ಕರೆದು ಮೊದಲಿಂದ ನೆಟ್ಟಗೆ ಹೇಳಿಕೊಡ್ತೀನಿ. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ.”

ತನ್ನ ಪದ್ಧತಿಯ ಕೊರತೆಯನ್ನು ತಾನಾಗಿಯೇ ಬಿಚ್ಚಿಟ್ಟವರನ್ನು ಅವಳು ಈ ಎರಡು ವರ್ಷದಲ್ಲಿ ಕಂಡಿರಲಿಲ್ಲ. ಬರೆದುಕೊಂಡಳು.

ಆ ವಾರವೇ ಮಾರ್ಗದರ್ಶಕರ ಕೋಣೆಯ ಬಾಗಿಲು ತಟ್ಟಿದಳು. ಅವರು ಆ ಫಾರಮ್ಮಿನಿಂದಲೇ ಹೆಸರು ಮಾಡಿದವರು.

“ಸರ್, ನಾವು ಕಣ್ಣು ಎಲ್ಲಿದೆ ಅಂತ ಎಣಿಸ್ತಿದ್ದೀವಿ. ಮನಸ್ಸು ಎಲ್ಲಿದೆ ಅಂತ ಅಲ್ಲ.”

“ಮನಸ್ಸನ್ನ ಎಣಿಸೋ ಯಂತ್ರ ತಂದಿದ್ದೀರಾ?”

“ಇಲ್ಲ. ಆದ್ರೆ ಬೆಲ್ಲು ಹೊಡೆದ ಮೇಲೆ ಹತ್ತು ನಿಮಿಷ ಮಕ್ಕಳು ಏನು ಮಾತಾಡ್ತಾರೆ ಅಂತ ಕೇಳಬಹುದು. ಮೂರು ವಾರ ಬಿಟ್ಟು, ಹೇಳದೇ ಕೇಳದೇ ಒಂದು ಹೊಸ ಲೆಕ್ಕ ಕೊಟ್ಟು ನೋಡಬಹುದು.”

“ಎರಡು ವರ್ಷದ ಕೆಲಸ ನೀರಿಗೆ ಹಾಕ್ತೀರಾ?”

“ನೀರಿಗಲ್ಲ ಸರ್, ಪಕ್ಕಕ್ಕಿಡ್ತೀನಿ. ಇನ್ನೊಂದು ವರ್ಷ ಹೆಚ್ಚಾಗಬಹುದು.”

ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಮಾಡಿ ನೋಡಿ, ಹೊಣೆ ಮಾತ್ರ ನಿಮ್ದು” ಎಂದರು. ಅವಳಿಗೆ ಅಷ್ಟು ಸಾಕಿತ್ತು.

ಆ ವರ್ಷ ಅವಳು ಕಾರಿಡಾರಿನಲ್ಲೇ ಕಾಲ ಕಳೆದಳು ಎನ್ನಬೇಕು. ಮೆಟ್ಟಿಲ ಬಳಿ, ನೀರಿನ ನಲ್ಲಿಯ ಬಳಿ, ಸೈಕಲ್ ನಿಲ್ಲಿಸುವ ತಗಡಿನ ಕೆಳಗೆ, ಮಕ್ಕಳಿಗೆಲ್ಲ ಹೇಳಿ ಒಪ್ಪಿಸಿಯೇ, ಪಾಠದ ನಂತರದ ಮಾತು ಬರೆದುಕೊಂಡಳು. ಕಾಲು ಊದಿಕೊಂಡವು. ಅತ್ತೆ ಬಿಸಿನೀರಿನ ಬಕೆಟ್ ತಂದಿಟ್ಟು, “ಸಂಶೋಧನೆ ಅಂದ್ರೆ ಕೂತು ಮಾಡೋ ಕೆಲಸ ಅಂದ್ಕೊಂಡಿದ್ದೆ” ಎಂದು ಗೊಣಗಿದರು.

ಹೇಳದೇ ಕೇಳದೇ ಕೊಟ್ಟ ಲೆಕ್ಕದಲ್ಲಿ ಯಾರೂ ಕಾಣದ ಒಂದು ನಕ್ಷೆ ಇತ್ತು, ಅದರಲ್ಲೊಂದು ದೋಷವಿತ್ತು. ದೋಷವಿದೆ ಎಂದು ಮಕ್ಕಳಿಗೆ ಹೇಳಿರಲಿಲ್ಲ. ಮೇಷ್ಟ್ರ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ಅದನ್ನು ಹಿಡಿದರು. ಹೊಸ ಉಪಾಧ್ಯಾಯನ ಮೂವತ್ತರಲ್ಲಿ ಒಂಬತ್ತು. ಆದರೆ ನಿಯಮಗಳನ್ನು ಥಟ್ಟನೆ ಹೇಳುವುದರಲ್ಲಿ ಅವನ ಮಕ್ಕಳದೇ ಮೇಲುಗೈ. ಅವಳು ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದಳು.

ತನ್ನ ತರಗತಿಯ ಲೆಕ್ಕವನ್ನು ಮೊದಲೇ ಕೇಳಿ ತಿಳಿದುಕೊಂಡ ಹೊಸ ಉಪಾಧ್ಯಾಯನ ಮುಖ ಸಪ್ಪೆಯಾಯಿತು. ಎರಡು ದಿನ ಅವಳನ್ನು ಕಂಡರೆ ದಾರಿ ಬದಲಿಸಿದ. ಮೂರನೇ ದಿನ ತಾನೇ ಹೋಗಿ ಮೇಷ್ಟ್ರ ತರಗತಿಯ ಬಾಗಿಲಲ್ಲಿ ನಿಂತ. “ಸರ್, ಒಂದು ಮೂಲೇಲಿ ಕೂತ್ಕೊಳ್ಲಾ?” ಮೇಷ್ಟ್ರು ಕುರ್ಚಿ ತೋರಿಸಿದರು. “ಕೂತ್ಕೊಳ್ಳಿ. ಗುರುವಾರ ನಾನು ನಿಮ್ಮ ಕ್ಲಾಸಿಗೆ ಬರ್ತೀನಿ. ಆ ಗುಂಡಿ ಯಂತ್ರ ಒತ್ತಬೇಕು ಅಂತ ನನಗೂ ಬಹಳ ದಿನದಿಂದ ಆಸೆ.” ಗುರುವಾರ ಅವರು ಹೋಗಿ ಮಕ್ಕಳ ನಡುವೆ ಕೂತು ರಸಪ್ರಶ್ನೆಯಲ್ಲಿ ಮೂರನೆಯವರಾಗಿ ಬಂದರು. ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮಾರ್ಗದರ್ಶಕರು ವರದಿ ಓದಲು ಒಂದು ವಾರ ತೆಗೆದುಕೊಂಡರು. ಆಮೇಲೆ ಅವಳನ್ನು ಕರೆದು ಹಸ್ತಪ್ರತಿ ವಾಪಸು ಕೊಟ್ಟರು. ಮೊದಲ ಪುಟದ ಮೇಲೆ ಅವರದೇ ಕೈಬರಹದಲ್ಲಿ ನಾಲ್ಕು ಸಾಲಿತ್ತು. ಹಳೆಯ ಫಾರಂ ತಾನು ಮಾಡಿದ್ದು, ಅದು ಕಂಡದ್ದು ಅರ್ಧ ಮಾತ್ರ, ಉಳಿದರ್ಧವನ್ನು ತನ್ನ ವಿದ್ಯಾರ್ಥಿನಿ ಕಾರಿಡಾರಿನಲ್ಲಿ ನಿಂತು ಹುಡುಕಿದ್ದಾಳೆ ಎಂದು. “ಇದನ್ನ ಮುನ್ನುಡಿಗೆ ಹಾಕಿ” ಎಂದಷ್ಟೇ ಹೇಳಿ ಅವರು ಬೇರೇನೋ ಹುಡುಕುವವರಂತೆ ಮೇಜಿನ ಖಾನೆ ಎಳೆದರು. ಅವಳು ಆ ನಾಲ್ಕು ಸಾಲನ್ನು ಮತ್ತೊಮ್ಮೆ ಓದಿದಳು. ಅರವತ್ತು ದಾಟಿದ ಮೇಲೆ ತನ್ನ ಹೆಸರಿನ ಕೆಲಸವನ್ನೇ ತಿದ್ದಿಕೊಳ್ಳುವುದೆಂದರೆ ಸಣ್ಣ ಮಾತಲ್ಲ.

ಮೇಷ್ಟ್ರಿಗೆ ಪೂರ್ತಿ ಫಲಿತಾಂಶ ಹೇಳಲು ಅವಳು ಶಾಲೆಗೆ ಹೋದದ್ದು ಒಂದು ಶುಕ್ರವಾರ. ಮೇಷ್ಟ್ರು ಎರಡನೇ ಪೀರಿಯಡ್ಡಿಗೆ ಹೊರಟಿದ್ದರು. ಅವಳು ಜೊತೆಯಲ್ಲೇ ಹೆಜ್ಜೆ ಹಾಕುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇಪ್ಪತ್ತಾರು ಮಕ್ಕಳು, ಆರು ಶಾಲೆಗಳಲ್ಲೇ ಅತಿ ಹೆಚ್ಚು, ತರಬೇತಿ ಕಾಲೇಜಿನವರು ನಿಮ್ಮ ಪಾಠ ನೋಡಲು ಬರುತ್ತಾರಂತೆ.

ಅವರು ತರಗತಿಯ ಬಾಗಿಲಲ್ಲಿ ನಿಂತರು. “ಇಪ್ಪತ್ತಾರಾ? ಹಾಗಾದ್ರೆ ಉಳಿದ ಐದು ಮಂದಿ ಯಾರು?”

“ಹೆಸರು ಬರ್ಕೊಳ್ಳೋ ಹಾಗಿಲ್ಲ ಸರ್, ನಿಯಮ. ಬರೀ ಸಂಖ್ಯೆ.”

“ಸರಿ, ಸರಿ. ನಿಯಮ ಅಂದ ಮೇಲೆ ನಿಯಮ.” ಅವರು ಬೆರಳು ಮಡಿಸುತ್ತಾ ಒಳಗಿನ ಸಾಲುಗಳತ್ತ ಕಣ್ಣಾಡಿಸಿದರು. “ಮೂವರು ಯಾರು ಅಂತ ನನಗೆ ಗೊತ್ತು. ಇನ್ನಿಬ್ಬರು... ನೋಡೋಣ. ನಾಳೆ ಶನಿವಾರ ಬೇಕಾದವರೆಲ್ಲಾ ಬನ್ನಿ ಅಂದ್ರೆ ಅವರಾಗೇ ಬರ್ತಾರೆ.”

ಮರುದಿನ ಹನ್ನೆರಡು ಮಕ್ಕಳು ಬಂದಿದ್ದರು. ಮೇಷ್ಟ್ರು ಬೋರ್ಡು ಬಿಟ್ಟು ನಡುವಿನ ಮೇಜಿನ ಮೇಲೆ ಬಲ್ಬು, ತಂತಿ, ಸ್ವಿಚ್ಚುಗಳನ್ನು ಹರಡಿಕೊಂಡು, ಒಬ್ಬೊಬ್ಬರ ಕೈಗೂ ಒಂದೊಂದು ತುದಿ ಕೊಟ್ಟು, ನಿಧಾನವಾಗಿ ಮೊದಲಿನಿಂದ ಹೇಳತೊಡಗಿದರು. ಸಂಶೋಧಕಿ ಕೂಡ ಒಂದು ಸ್ಟೂಲು ಎಳೆದುಕೊಂಡಳು. ಅವಳ ಕೈಗೂ ಒಂದು ತಂತಿ ಬಂತು.