ಹಿಡಿಯುವವನನ್ನು ಯಾರು ನೋಡುತ್ತಾರೆ

ನೀಲಿ ಟೋಪಿಯ ಆ ಮನುಷ್ಯ ಬಂದಿದ್ದು ದುಷ್ಯಂತನನ್ನು ನೋಡಲು. ಆಸ್ಟಿನ್ನಿನ ದಕ್ಷಿಣಕ್ಕಿರುವ ಒಂದು ಸಣ್ಣ ಕಾಲೇಜಿನ ಬೇಸ್‌ಬಾಲ್ ಕೋಚ್ ಅವನು. ಜಾಲರಿಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ಚೆಂಡಿನ ವೇಗ ಅಳೆಯುವ ಗನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚೆಂಡು ಎಸೆಯುವವನು ದುಷ್ಯಂತ್. ಹಿಡಿಯುವವನು ನಿವೇದಿತಾಳ ಮಗ ಅಮರ್. ಇಬ್ಬರೂ ಹನ್ನೊಂದನೇ ಕ್ಲಾಸು. ಈ ವರ್ಷ ಯಾವ ಕಾಲೇಜಿನವರ ಕಣ್ಣಿಗೂ ಬೀಳದಿದ್ದರೆ ತನ್ನ ಆಟ ಇಲ್ಲಿಗೇ ಮುಗಿಯಿತು ಎಂದು ಅಮರ್‌ಗೆ ಗೊತ್ತಿತ್ತು. ಎರಡು ವಾರದಿಂದ ಅವನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದ.

ಕ್ಯಾಚರ್‌ನ ಹಣೆಬರಹವೇ ಅದು. ಆಟ ಮುಗಿಯುವವರೆಗೆ ಕುಕ್ಕರಗಾಲಲ್ಲಿ ಕೂತು, ಗುಂಡಿನ ಹಾಗೆ ಬರುವ ಚೆಂಡನ್ನು ಹಾಲಿನ ಲೋಟ ಇಸಿದುಕೊಂಡಷ್ಟು ಮೆತ್ತಗೆ ಇಸಿದುಕೊಳ್ಳಬೇಕು. ಹಿಡಿದದ್ದು ಯಾರಿಗೂ ಕಾಣುವುದಿಲ್ಲ, ಬಿಟ್ಟದ್ದು ಊರಿಗೆಲ್ಲ ಕಾಣುತ್ತದೆ. ಹೋದ ತಿಂಗಳು ಹ್ಯೂಸ್ಟನ್ನಿನ ಟೂರ್ನಮೆಂಟಿಗೆ ಬಂದ ಕೋಚ್‌ಗಳೆಲ್ಲ ದುಷ್ಯಂತನ ಭುಜ ನೋಡಿ, ಎದ್ದು ಹೋಗಿದ್ದರು. ಎಸೆದವನಿಗೆ ಹೆಸರು, ಹಿಡಿದವನಿಗೆ ಮೊಣಕಾಲು ನೋವು. ಈ ನ್ಯಾಯವನ್ನು ಬೇಸ್‌ಬಾಲ್ ಕಂಡುಹಿಡಿದದ್ದೇನಲ್ಲ.

ಡಾಲಸ್ ಮತ್ತು ಹ್ಯೂಸ್ಟನ್ ಹುಡುಗರನ್ನು ಸೇರಿಸಿ ಕಟ್ಟಿದ ತಂಡ. ನಿವೇದಿತಾ ಡಾಲಸ್ ಪಕ್ಕದ ಅಲೆನ್‌ನಿಂದ ಮಗನನ್ನು ಕೂರಿಸಿಕೊಂಡು ಡ್ರೈವ್ ಮಾಡಿ ಬಂದಿದ್ದಳು. ದುಷ್ಯಂತನ ತಾಯಿ ಇಂದುಮತಿ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ, ಒಂದು ಕೂಲರ್ ತುಂಬ ಬಿಸಿಬೇಳೆಭಾತು, ನಿಂಬೆಹಣ್ಣು, ಚಾಕು, ಚಮಚ ಎಲ್ಲ ಹೊತ್ತು ಬಂದಿದ್ದಳು. ಮೈಸೂರಿನವಳು, ಒಳ್ಳೆಯವಳು. ನಿವೇದಿತಾ ಯಾವ ಜಾತಿ ಎಂಬುದೊಂದು ಮಾತ್ರ ಅವಳಿಗೆ ತಿಳಿಯಬೇಕಿತ್ತು. ನೇರ ಕೇಳುವುದು ಅಸಭ್ಯ ಎಂದು ಕಲಿತವರು ಮನೆದೇವರು ಯಾರು ಎಂದು ಕೇಳುತ್ತಾರೆ.

"ಉತ್ತರ ಕರ್ನಾಟಕ ಅಂದ್ರೆ ಲಿಂಗಾಯತರೇ ಜಾಸ್ತಿ ಅಲ್ವಾ ನಿವೇದಿತಾ?" ಎಂದಳು ಇಂದುಮತಿ ಇವತ್ತೂ, ನಿಂಬೆಹಣ್ಣು ಹೆಚ್ಚುತ್ತಾ.

"ಎಲ್ಲಾರೂ ಇರ್ತಾರ್ರಿ," ಎಂದಳು ನಿವೇದಿತಾ. "ಬಿಸಲೂ ಜಾಸ್ತಿನ."

ಅಥಣಿಯ ಸಮಗಾರರ ಓಣಿಯವಳು ಅವಳು. ಅಪ್ಪ ಇರಣ್ಣ ಚಪ್ಪಲಿ ಹೊಲಿಯುತ್ತಿದ್ದ. ಚಪ್ಪಲಿಯ ಮೇಲಿನ ಹೆಣಿಕೆ ಹೆಂಗಸರ ಕೆಲಸ. ಪ್ಲೇನೋದ ಕಂಪನಿಯೊಂದರಲ್ಲಿ ಇಪ್ಪತ್ತು ಜನರ ತಂಡ ನಡೆಸುವ ಮೊದಲು ಅವಳ ಬೆರಳು ಅದನ್ನೇ ಮಾಡಿದ್ದವು. ಅದೇ ಓಣಿಯಿಂದ ಬಂದ ಗಂಡ ಚಿದಾನಂದ್, ಡಾಲಸ್‌ಗೆ ಬಂದ ಹೊಸದರಲ್ಲೇ ಹೇಳಿದ್ದ: "ನಾವಾಗಿ ಹೇಳೂದು ಬ್ಯಾಡ. ಹೇಳಿದ ಮ್ಯಾಲ ಊಟಕ್ಕ ಕರಿಯೂದು ನಿಲ್ಲಸ್ತಾರ." ಹೇಳಿರಲಿಲ್ಲ. ಅಮರ್‌ಗೆ ಎಲ್ಲ ಗೊತ್ತಿತ್ತು, ಆದರೆ ಕನ್ನಡ ಸಂಘದ ಹುಡುಗರ ಮುಂದೆ ಅಜ್ಜನದು "ಬಿಸಿನೆಸ್" ಎನ್ನಬೇಕೆಂದೂ ಗೊತ್ತಿತ್ತು.

ಮೊದಲ ಇನ್ನಿಂಗ್‌ನಲ್ಲೇ ಅದು ಆಯಿತು. ದುಷ್ಯಂತನ ಚೆಂಡು ಅಮರ್‌ನ ಗ್ಲೌಸಿನೊಳಗೆ ಹೋದದ್ದು ಕಂಡಿತು, ಹಿಂದಿನಿಂದ ಹೊರಬಂದು ಜಾಲರಿಗೆ ಬಡಿದದ್ದೂ ಕಂಡಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಬಲೆಯ ಚರ್ಮದ ದಾರ ಹರಿದಿತ್ತು. ತಂಡದ ಕೋಚ್ ಬೇರೆ ಗ್ಲೌಸ್ ಕೊಟ್ಟ. ಹೊಸದು, ಹಲಗೆಯ ಹಾಗೆ ಬಿಗಿ. ಅದರಲ್ಲಿ ಅಮರ್ ಒಂದು ಚೆಂಡು ಬಿಟ್ಟ. ಮತ್ತೊಂದು ಬಿಟ್ಟ. ಎರಡನೇ ಸಲ ಎದುರಾಳಿಗಳು ಒಂದು ರನ್ ಕದ್ದರು. ನೀಲಿ ಟೋಪಿಯವನು ಗನ್ ಕೆಳಗಿಟ್ಟು ಮೊಬೈಲ್ ತೆಗೆದ. ದುಷ್ಯಂತನೂ ಹೆದರಿ ಮೆಲ್ಲಗೆ ಎಸೆಯತೊಡಗಿದ.

ಹೇಗೋ ಎದುರಾಳಿಗಳ ಮೂವರು ಔಟಾಗಿ, ಬ್ಯಾಟಿಂಗ್ ಸರದಿ ಇವರಿಗೆ ಬಂತು. ಅಮರ್ ಓಡಿ ಬಂದು ಬೇಲಿಯ ಮೇಲಿಂದ ಹರಿದ ಗ್ಲೌಸ್ ಚಾಚಿದ.

"ಅಮ್ಮಾ, ಕ್ಯಾನ್ ಯೂ ಫಿಕ್ಸ್ ಇಟ್?"

ನಿವೇದಿತಾ ಸುತ್ತ ನೋಡಲಿಲ್ಲ. "ಕೊಡಿಲ್ಲೆ," ಎಂದಳು. "ನಿಮ್ಮ ಹುಡುಗ್ರಿಗೆ ಹೇಳು, ಲಗೂನ ಔಟ್ ಆಗಬ್ಯಾಡ್ರಿ ಅಂತ."

ಆಮೇಲೆ ಇಂದುಮತಿಯ ಕಡೆ ತಿರುಗಿದಳು. "ದುಷ್ಯಂತಂದು ಹಳೇ ಗ್ಲೌಸ್ ಚೀಲದಾಗ ಐತಲ್ಲ, ಅದರ ದಾರ ಬೇಕ್ರಿ. ನಿಮ್ಮ ಚಾಕೂನೂ ಕೊಡ್ರಿ."

"ಅಯ್ಯೋ, ಆ ಗ್ಲೌಸ್‌ಗೆ ಆಯುಧಪೂಜೇಲಿ ಪೂಜೆ ಮಾಡಿದೀನಿ ಕಣ್ರೀ!"

"ಅದಕ್ಕ ಗಟ್ಟಿ ಇರತೈತಿ. ಕೊಡ್ರಿ."

ಹೊಲಿಗೆಯ ಸಂದಿಯಲ್ಲಿ ಕುಂಕುಮ ಇನ್ನೂ ಇತ್ತು. ಚರ್ಮ ಎಮ್ಮೆಯದೋ ದನದ್ದೋ ಎಂದು ಯಾರೂ ಕೇಳಿರಲಿಲ್ಲ. ಅಂಗಡಿಯಿಂದ ಡಬ್ಬಿಯಲ್ಲಿ ಬಂದ ಚರ್ಮಕ್ಕೆ ಆರತಿ ಎತ್ತಿದ ಮನೆಯಲ್ಲೇ, ಚರ್ಮ ಹದ ಮಾಡಿದವನ ಮೊಮ್ಮಗನಿಗೆ ಲೋಟ ಬೇರೆಯಾಗುತ್ತದೆ. ನಿವೇದಿತಾ ನಿಂಬೆಯ ಚಾಕುವಿನಿಂದ ಆ ಗ್ಲೌಸಿನ ಗಂಟು ಕೊಯ್ದು, ಉದ್ದನೆಯ ದಾರವನ್ನು ಸರಸರ ಎಳೆದುಕೊಂಡಳು. ದಾರ ಒಣಗಿತ್ತು. ಅದನ್ನು ಬಾಯಲ್ಲಿಟ್ಟು ನೆನೆಸಿದಳು. ತಲೆಯ ಪಿನ್ನು ಬಿಚ್ಚಿ, ದಾರದ ತುದಿ ಸಿಕ್ಕಿಸಿ, ತೂತಿನಲ್ಲಿ ತೂರಿಸಿದಳು. ಪ್ರತಿ ಸುತ್ತಿಗೂ ಹಲ್ಲಿನಲ್ಲಿ ಕಚ್ಚಿ ಬಿಗಿದಳು.

"ಅಯ್ಯಯ್ಯೋ, ಬಾಯಲ್ಲಿ!" ಎಂದಳು ಇಂದುಮತಿ. "ಎಲ್ಲಿ ಕಲಿತ್ರಿ ಇದನ್ನ? ಯೂಟ್ಯೂಬಾ?"

ಯೂಟ್ಯೂಬ್ ಎಂದರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಗೆಯ ತುದಿಗೂ ಬಂದಿತ್ತು. ಆದರೆ ಬಾಯಲ್ಲಿ ಚರ್ಮದ ರುಚಿ ಇತ್ತು, ಅಪ್ಪನ ಅಂಗಳದ್ದೇ ರುಚಿ. ಅದರ ಮೇಲೆ ಸುಳ್ಳು ಕೂರಲಿಲ್ಲ.

"ನಮ್ಮಪ್ಪ ಚಪ್ಪಲಿ ಹೊಲೀತಿದ್ದ್ರಿ. ಸಮಗಾರರು ನಾವು. ಹೆಣಿಕಿ ನಮ್ಮವ್ವ ಸುಮಿತ್ರವ್ವ ಕಲಿಸಿದ್ಲು."

ಮೈದಾನದಲ್ಲಿ ಯಾರೋ ಒಬ್ಬ ಚೆಂಡನ್ನು ಬಲವಾಗಿ ಹೊಡೆದ. ಎಲ್ಲ ಎದ್ದು ಕೂಗಿದರು. ಇಂದುಮತಿ ಮಾತ್ರ ಕೂತೇ ಇದ್ದಳು. ಅವಳ ಕಣ್ಣು ಚಾಕುವಿನ ಮೇಲಿತ್ತು.

ಬೇಲಿಯಾಚೆಯಿಂದ ದುಷ್ಯಂತ್ ಕೂಗಿದ. "ಮಾಮ್! ಆಯ್ತಾ? ನಾನ್ ಯಾರಿಗೆ ಎಸೀಲಿ, ನಿನಗಾ?"

ಇಂದುಮತಿ ಸೀರೆಯನ್ನಲ್ಲ, ಜೀನ್ಸನ್ನು ಮೇಲೆಳೆದುಕೊಂಡು ಹತ್ತಿರ ಸರಿದಳು. "ಹಿಡ್ಕೊಳ್ಲಾ?" ಎಂದಳು. ಗ್ಲೌಸಿನ ಎರಡು ಬೆರಳು ಅಗಲಿಸಿ ಗಟ್ಟಿಯಾಗಿ ಹಿಡಿದಳು. ಮಗನ ಕಾಲೇಜು ಕಣ್ಣಮುಂದಿರುವಾಗ ಮಡಿ ತಾನಾಗಿ ಸಡಿಲವಾಗುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ತಗ್ಗಿದ ದನಿಯಲ್ಲಿ, "ನಾನು ಯಾರಿಗೂ ಹೇಳಲ್ಲ ಕಣ್ರೀ," ಎಂದಳು. ಉಪಕಾರ ಮಾಡುವ ದನಿ.

ನಿವೇದಿತಾ ದಾರ ಕಚ್ಚಿಕೊಂಡೇ ನಕ್ಕಳು. "ಹೇಳ್ರಿ! ಸಂಘದ ವಾಟ್ಸ್ಯಾಪ್ ಗ್ರೂಪಿನ್ಯಾಗ ಹಾಕ್ರಿ. ಯಾರದಾರ ಗ್ಲೌಸ್ ಹರದಿದ್ರ ತರ್ಲಿ."

"ನೀವೊಬ್ರು," ಎಂದಳು ಇಂದುಮತಿ. "ಈ ಕಡೆ ಇನ್ನೂ ಸಡಿಲ ಇದೆ ನೋಡಿ, ಎಳೀರಿ."

ಅವರ ಹುಡುಗರು ಪುಣ್ಯಕ್ಕೆ ಬೇಗ ಔಟಾಗಲಿಲ್ಲ. ಕೊನೆಯ ಗಂಟು ಬೀಳುವ ಹೊತ್ತಿಗೆ ಸರಿಯಾಗಿ ಅಮರ್ ಬಂದು ಗ್ಲೌಸ್ ಕಸಿದುಕೊಂಡು ಓಡಿದ.

ದುಷ್ಯಂತನ ಮೊದಲ ಚೆಂಡು ಮೊಣಕಾಲಿನ ಮಟ್ಟಕ್ಕೆ ಬಂತು. ಅಮರ್‌ನ ಕೈ ಅಲುಗಲಿಲ್ಲ, ಚೆಂಡು ಬಲೆಯಲ್ಲಿ ಕೂತಿತು. ಎರಡನೆಯದು ಇನ್ನೂ ಜೋರು. ಹಿಡಿಯುವವನ ಮೇಲೆ ನಂಬಿಕೆ ಬಂದ ಮೇಲೆ ಎಸೆಯುವವನ ಭುಜ ತಾನಾಗಿ ತೆರೆದುಕೊಂಡಿತು. ಮೂರನೇ ಇನ್ನಿಂಗ್‌ನಲ್ಲಿ ಎದುರಾಳಿಯ ಹುಡುಗನೊಬ್ಬ ಚೆಂಡು ತಲುಪುವ ಮೊದಲೇ ಎರಡನೇ ಬೇಸ್ ಮುಟ್ಟಿಬಿಡಲು ಓಡಿದ. ಅಮರ್ ಕೂತಲ್ಲಿಂದ ಎದ್ದದ್ದೂ, ಅಲ್ಲಿಗೆ ಎಸೆದದ್ದೂ ಒಂದೇ ಆಯಿತು. ಹುಡುಗ ಔಟ್.

ನೀಲಿ ಟೋಪಿಯವನು ಎದ್ದು ನಿಂತ. ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡ. ಅಲ್ಲಿಂದ ದುಷ್ಯಂತನ ಭುಜ ಅಷ್ಟಾಗಿ ಕಾಣುವುದಿಲ್ಲ. ಅಮರ್‌ನ ಕೈ ಕಾಣುತ್ತದೆ. ಗನ್ ಹುಲ್ಲಿನ ಮೇಲೆ ಬಿದ್ದೇ ಇತ್ತು.

ಆಟ ಮುಗಿದ ಮೇಲೆ ಅವನು ಇಬ್ಬರು ಹುಡುಗರನ್ನೂ ಕರೆದ. ದುಷ್ಯಂತನಿಗೆ, ಇನ್ನೊಮ್ಮೆ ನೋಡುತ್ತೇನೆ, ಚೆನ್ನಾಗಿ ಎಸೆದೆ ಎಂದ. ಅಮರ್‌ನನ್ನು, ಮೊದಲ ಇನ್ನಿಂಗ್‌ನಲ್ಲಿ ಏನಾಗಿತ್ತು, ಆಮೇಲೆ ಏನಾಯಿತು, ಗ್ಲೌಸ್ ಯಾರು ಸರಿಮಾಡಿದರು ಎಂದೆಲ್ಲ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಇನ್ನೊಂದು ಆಟ ನೋಡಲು ಓಡುವ ಆತುರದಲ್ಲಿದ್ದ. "ಉತ್ತರ ನೀನೇ ಮೇಲ್‌ನಲ್ಲಿ ಬರೆದು ಕಳಿಸು, ನಿನ್ನ ಅಪ್ಪ ಅಮ್ಮ ಅಲ್ಲ. ಮುಂದಿನ ತಿಂಗಳು ನಮ್ಮ ಕ್ಯಾಂಪಸ್‌ಗೆ ಬಾ, ನಮ್ಮ ಪಿಚರ್‌ಗಳ ಚೆಂಡು ಹಿಡಿದು ತೋರಿಸು."

"ನನ್ನ ಚಾಕು ಕೊಟ್ಟು ನಿಮ್ಮ ಮಗನ್ನ ಪಾಸ್ ಮಾಡಿಸ್ದೆ ನಾನು!" ಎಂದಳು ಇಂದುಮತಿ ಪಾರ್ಕಿಂಗ್‌ನಲ್ಲಿ. ಅವಳ ಮುಖದಲ್ಲಿ ಹೊಟ್ಟೆಕಿಚ್ಚು ಇತ್ತು, ನಗುವೂ ಇತ್ತು. ಮುಂದಿನ ಸಲ ಊಟಕ್ಕೆ ಕರೆಯುತ್ತಾಳೋ ಇಲ್ಲವೋ ನಿವೇದಿತಾಳಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕೆಂಬ ಆಸೆಯೂ ಇರಲಿಲ್ಲ. ಅದೇ ಅವಳಿಗೆ ಹಗುರಾಗಿತ್ತು.

ಕಾರು ಡಾಲಸ್ ಕಡೆಗೆ ಹೊರಟ ಮೇಲೆ ಅಮರ್ ಮೊಬೈಲಿನಲ್ಲಿ ಬರೆಯತೊಡಗಿದ. ಬಹಳ ಹೊತ್ತು ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ಆಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದ: ಎರಡು ಚೆಂಡು ಬಿಟ್ಟೆ, ಅದು ನನ್ನ ತಪ್ಪು. ಗ್ಲೌಸ್ ಸರಿಮಾಡಿದ್ದು ನನ್ನ ಅಮ್ಮ. ನಮ್ಮ ಅಜ್ಜ ಅಥಣಿಯಲ್ಲಿ ಚಪ್ಪಲಿ ಮಾಡುತ್ತಿದ್ದರು, ನಮ್ಮದು ಚರ್ಮದ ಕೆಲಸದವರ ಮನೆ.

"ಅದ್ಯಾಕ ಹಾಕ್ದಿ?"

"ಹೀ ಆಸ್ಕ್ಡ್." ಅವನು ಮೊಬೈಲಿನಿಂದ ತಲೆ ಎತ್ತಿದ. "ಅಪ್ಪನ್ನ ಕೇಳ್ಬೇಕಾ?"

ನಿವೇದಿತಾ ಮುಂದಿದ್ದ ಲಾರಿಯನ್ನು ದಾಟಿದಳು. ರಸ್ತೆ ಖಾಲಿಯಾಗಿತ್ತು.

"ಬ್ಯಾಡ," ಎಂದಳು. "ಕಳಸು."

"ಆಲ್ರೆಡಿ ಕಳಿಸ್ದೆ," ಎಂದ ಅಮರ್. "ಹಸಿವಾಗ್ತಿದೆ ಅಮ್ಮ. ಇಂದುಮತಿ ಆಂಟಿ ಕೊಟ್ಟ ಭಾತ್ ಎಲ್ಲಿದೆ?"