ಎರಡು ಮಹಡಿ, ಒಂದು ನಂಬರು

“ಇನ್ನೊಂದ್ಸಲ ನೋಡಿ ಹೇಳಿ ಸಾರ್, ನಮ್ಮ ಕಡೆಯಿಂದ ಎಷ್ಟು ಸಾಲು ಕಾಣ್ತಿದೆ?” ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು.

“ಒಂದೇ ಸಾಲು ಮೇಡಂ. ಬೆಳಿಗ್ಗೆ ಇದ್ದ ಚಿಲ್ಲರೆ ಎಲ್ಲ ಮಾಯ. ನಂಬರೂ ಒಂದೇ,” ಎಂದ ಆ ಕಡೆಯವನು. ಇವರಂಥ ಸಣ್ಣ ಕಂಪನಿಗಳಿಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಯ ಎಂಜಿನಿಯರು ಅವನು.

ಅಕ್ಕ ಫೋನಿಟ್ಟು ಗೆದ್ದವಳಂತೆ ಎರಡೂ ಕೈ ಮೇಲೆತ್ತಿದಳು. ಎದುರು ಮೇಜಿನ ಉದ್ದಣ್ಣ ಎದ್ದ ರಭಸಕ್ಕೆ ತೂಗುದೀಪಕ್ಕೆ ತಲೆ ಬಡಿದುಕೊಂಡು, “ಅಯ್ಯಯ್ಯೋ” ಅನ್ನುತ್ತಲೇ ನಕ್ಕ. ಆ ಮೇಲ್ಮಹಡಿಯ ತಂಡವೆಂದರೆ ಅವರಿಬ್ಬರೇ; ಆಫೀಸಿಗೆಲ್ಲ ಅವಳು ಅಕ್ಕ, ಅವನು ಉದ್ದಣ್ಣ.

ಮನೆಮನೆಗೆ ಇಂಟರ್ನೆಟ್ ಕೊಡುವ ಎರಡು ಸಣ್ಣ ಕಂಪನಿ ಸೇರಿ ಒಂದಾಗಿದ್ದವು. ಎರಡರ ನೆಟ್‌ವರ್ಕಿಗೂ ಹೊರಗಿನವರು ಗುರುತು ಹಿಡಿಯಲು ಬೇರೆ ಬೇರೆ ನಂಬರು. ಕೆಳಮಹಡಿಯ ಮೇಷ್ಟ್ರ ತಂಡ ದೊಡ್ಡದು; ಮಾತೆತ್ತಿದರೆ ತಪ್ಪು ತಿದ್ದುವವರಾದ್ದರಿಂದ ಅವರಿಗೆ ಆ ಹೆಸರು. ಮೇಲಿನದನ್ನು ಮುಚ್ಚಿ ಕೆಳಗಿನದಕ್ಕೆ ಸೇರಿಸಿಬಿಡೋಣ ಎಂದು ಮ್ಯಾನೇಜರು ಮನಸ್ಸು ಮಾಡಿಯಾಗಿತ್ತು. ಆಗ ಅಕ್ಕ ಹಟ ಹಿಡಿದು ಮುಂದಿಟ್ಟದ್ದು ಕಾನ್ಫೆಡರೇಷನ್ನು, ಅಂದರೆ ಒಕ್ಕೂಟ. ಒಳಗೆ ಎರಡೂ ತಂಡ ತಮ್ಮ ತಮ್ಮ ನಂಬರಿಟ್ಟುಕೊಂಡು ತಮ್ಮ ಸಂಸಾರ ತಾವು ನೋಡಿಕೊಳ್ಳುವುದು, ಹೊರಗಿನವರಿಗೆ ಮಾತ್ರ ಒಂದೇ ನಂಬರು ತೋರಿಸುವುದು. ನೂರಾರು ಸಣ್ಣ ವಿಳಾಸಗಳನ್ನು ಸಾರುವ ಬದಲು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ ಒಂದೇ ದೊಡ್ಡ ವಿಳಾಸ ಸಾರುವುದು.

“ಆಯ್ತಮ್ಮ, ಇವತ್ತು ಮಾಡಿ ನೋಡಿ. ಸಂಜೆ ಒಳಗೆ ಒಂದು ದೂರು ಬಂದ್ರೂ ನಿಮ್ಮ ಮಹಡಿ ಖಾಲಿ,” ಎಂದಿದ್ದರು ಮ್ಯಾನೇಜರು. ಖಾಲಿಯಾದರೆ ಅಕ್ಕ ತಾನೇ ಕೇಬಲ್ ಎಳೆದು ಕಟ್ಟಿದ ನೆಟ್‌ವರ್ಕನ್ನು ಬಿಟ್ಟು ಯಾವುದೋ ಮೂಲೆಯಲ್ಲಿ ಬಿಲ್ಲಿನ ತಕರಾರು ಕೇಳುತ್ತ ಕೂರಬೇಕು.

ಉದ್ದಣ್ಣ ಕಾಫಿ ತರಲು ಬಾಗಿಲು ತೆಗೆದರೆ ಎದುರಿಗೆ ಮೇಷ್ಟ್ರು! ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕೈಯಲ್ಲಿದ್ದ ಫೋನಿನಲ್ಲಿ ಹೆಂಡತಿಯ ದನಿ ಇಡೀ ಕೋಣೆಗೆ ಕೇಳುತ್ತಿತ್ತು.

“ರೀ, ಮಕ್ಕಳೆಲ್ಲ ಕಾಯ್ತಾ ಕೂತಿದಾರೆ. ಮನೇಲಿ ಇಂಟರ್ನೆಟ್ಟೇ ಇಲ್ಲ, ನನ್ನ ಆನ್‌ಲೈನ್ ಹಾಡಿನ ಕ್ಲಾಸು ಪೂರಾ ನಿಂತ್ಹೋಗಿದೆ. ಅದೇನು ಕಡಿದು ಕಟ್ಟೆ ಹಾಕ್ತಿದೀರಿ ಆಫೀಸಲ್ಲಿ?”

“ಒಂದು ನಿಮಿಷ ಮಾರಾಯ್ತಿ,” ಎಂದು ಮೇಷ್ಟ್ರು ಫೋನನ್ನು ಮೇಜಿನ ಮೇಲಿಟ್ಟರು.

ದೂರು ಬಂದದ್ದೂ ಬಂತು, ಯಾರ ಕೈಗೆ ಬರಬಾರದಿತ್ತೋ ಅವರ ಕೈಗೇ ಬಂತು.

“ಮ್ಯಾನೇಜರಿಗೆ ಹೇಳಿದ್ರಾ?” ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

“ಮೊದಲು ಸರಿ ಮಾಡೋಣಮ್ಮ. ಹೇಳೋದು ಇದ್ದೇ ಇದೆ.”

ಇಬ್ಬರೂ ಪರದೆಯ ಮುಂದೆ ಬಗ್ಗಿದರು. ಮೇಷ್ಟ್ರ ಮನೆಯ ವಿಳಾಸ ಆ ದೊಡ್ಡ ವಿಳಾಸದೊಳಗಿನ ಒಂದು ಸಣ್ಣ ತುಂಡು. ನಿನ್ನೆಯವರೆಗೆ ಅದು ಕೆಳಮಹಡಿಯಿಂದ ತಾನೇ ಹೊರಗೆ ಕೂಗಿಕೊಳ್ಳುತ್ತಿತ್ತು. ಈಗ ಸಣ್ಣವು ಯಾವುವೂ ಹೊರಗೆ ಕಾಣುವುದಿಲ್ಲವಲ್ಲ, ಆ ಮನೆಗೆ ಬರಬೇಕಾದದ್ದೆಲ್ಲ ದೊಡ್ಡ ವಿಳಾಸ ಸಾರುತ್ತಿದ್ದ ಅಕ್ಕನ ಬಾಗಿಲಿಗೆ ಬಂದು, ಮುಂದಿನ ದಾರಿ ಗೊತ್ತಿಲ್ಲದೆ ಕಸದ ಬುಟ್ಟಿ ಸೇರುತ್ತಿತ್ತು.

“ನನ್ನ ರೂಟರ್ ಹೇಳ್ತಾನೇ ಇದೆ ನೋಡಿ, ಈ ತುಂಡು ನನ್ನ ಹತ್ರ ಇದೆ ಅಂತ,” ಎಂದರು ಮೇಷ್ಟ್ರು. “ನಿಮ್ಮದು ಯಾಕೆ ಕೇಳಿಸ್ಕೊಳ್ತಿಲ್ಲ?”

ಅಕ್ಕನ ಕಿವಿ ಕೆಂಪಾದವು. ಒಳಗಿನ ಬಾಗಿಲಿಗೆ ಫಿಲ್ಟರ್ ಹಾಕಿದವಳು ಅವಳೇ. “ನೀವು ಬರೆದು ಕೊಟ್ಟಿದ್ದು ಬಿಟ್ಟು ಬೇರೆ ಏನೂ ತಗೋಬೇಡ ಅಂತ ಹಾಕಿದೀನಿ ಸಾರ್. ನಿಮ್ಮ ಮೇಲೆ ನಂಬಿಕೆ ಇರ್ಲಿಲ್ಲ.”

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. “ನಾನೂ ನಿಮಗೆ ಹಾಗೇ ಹಾಕಿದೀನಿ ಕಣಮ್ಮ! ತೆಗೀರಿ, ತೆಗೀರಿ. ಕೆಳಗೆ ನಮ್ಮ ಹುಡುಗರಿಗೂ ತೆಗೆಯೋಕೆ ಹೇಳ್ತೀನಿ.”

ಅಕ್ಕ ಎರಡು ಸಾಲು ಅಳಿಸಿ, ಒಂದು ಸಾಲು ಬರೆದಳು. ಕ್ಷಣದಲ್ಲೇ ಫೋನಿನಿಂದ, “ಬಂತು, ಬಂತು! ಎಲ್ಲಾರೂ ಕೂತ್ಕೊಳ್ರೋ,” ಎಂಬ ಕೂಗು ಕೇಳಿತು.

ಸಂಜೆಯ ಲೆಕ್ಕ ಕೇಳಲು ಮ್ಯಾನೇಜರು ಒಳಗೆ ಬಂದದ್ದು ಆಗಲೇ. ಮೇಷ್ಟ್ರನ್ನು ಮೇಲ್ಮಹಡಿಯಲ್ಲಿ ಕಂಡು ಅವರ ಹುಬ್ಬು ಮೇಲೇರಿತು. “ಏನ್ರಿ ಇಲ್ಲಿ? ದೂರು ಏನಾದ್ರೂ ಬಂತಾ?”

ಅಕ್ಕ ಮೇಷ್ಟ್ರ ಮುಖ ನೋಡಿದಳು. ಇನ್ನು ಅವರ ಒಂದು ಮಾತು, ಅಷ್ಟೆ.

“ಬಂತು ಸಾರ್,” ಎಂದರು ಮೇಷ್ಟ್ರು. “ಹೆಂಡತಿ ದೂರು. ಅದು ದಿನಾ ಇದ್ದಿದ್ದೇ. ಕಂಪನಿಗೆ ಯಾಕೆ ಲೆಕ್ಕ?”

ಮ್ಯಾನೇಜರು ನಗು ತಡೆಯಲಾರದೆ, “ಹಾಗಾದ್ರೆ ಮಹಡಿ ಇರ್ಲಿ ಬಿಡಿ,” ಎಂದು ಮೆಟ್ಟಿಲಿಳಿದರು.

ತುಂಬಿ ಬಂದ ಕಣ್ಣೊರೆಸಿಕೊಂಡು ಅಕ್ಕ ಒಂದು ಕುರ್ಚಿಯನ್ನು ಮೇಷ್ಟ್ರ ಕಡೆಗೆ ಎಳೆದಿಟ್ಟಳು. ಅವರು ಕೂತರು. ಫೋನಿನಲ್ಲಿ ಮಕ್ಕಳು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡಲು ಶುರುಮಾಡಿದ್ದರು. ಮೇಷ್ಟ್ರು ಯಾರನ್ನೂ ತಿದ್ದದೆ, ಬೆರಳಿನಿಂದ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕುತ್ತ ಕೇಳುತ್ತಿದ್ದರು.